ಜ್ವಾಲಾಮುಖಿ ಯಾವ ಬಗೆಯದು? ಆಕಾರ ನೋಡಿ ಗುರುತಿಸುವ ಕ್ರಮ

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮೋಡ ಕೆಂಪು ಸಮುದ್ರ ದಾಟಿ, ಮಾರನೇ ದಿನ ರಾತ್ರಿ ಹೊತ್ತಿಗೆ ದೆಹಲಿಯ ಆಕಾಶಕ್ಕೆ ಬಂತು. ಕೆಲವು ವಿಮಾನಗಳು ರದ್ದಾದವು. ಆವತ್ತಿನಿಂದ ಓದುಗರು ಕೇಳುವ ಪ್ರಶ್ನೆಗಳು ಒಂದೇ ಥರ. ಚಿಕ್ಕಬಳ್ಳಾಪುರದವರು ‘ನಂದಿ ಬೆಟ್ಟ ಹಳೇ ಜ್ವಾಲಾಮುಖಿ ಅಂತಾರಲ್ಲ, ಹೌದಾ?’ ಅಂತ ಕೇಳುತ್ತಾರೆ. ಕೋಲಾರದವರ ಪ್ರಶ್ನೆ ಅಂತರಗಂಗೆ ಬೆಟ್ಟದ್ದು, ಇಲ್ಲಾ ಕೆಜಿಎಫ್ ಚಿನ್ನದ್ದು. ಮಕ್ಕಳನ್ನು ಓದಿಸುವ ಅಪ್ಪ ಅಮ್ಮಂದಿರ ಚಿಂತೆ ಬೇರೆ: ‘ಜ್ವಾಲಾಮುಖಿಯ ವಿಧಗಳು ಮೂರಾ, ನಾಲ್ಕಾ, ಆರಾ? ಒಂದೊಂದು ಪುಸ್ತಕದಲ್ಲಿ ಒಂದೊಂದು ಲೆಕ್ಕ ಇದೆ.’

ಪಟ್ಟಿ ಬಾಯಿಪಾಠ ಮಾಡಿದರೆ ಈ ಗೊಂದಲ ಹೋಗುವುದಿಲ್ಲ. ಒಳಗಿನಿಂದ ಬರುವ ಲಾವಾ ನೀರಾಗಿದೆಯೋ ಗಟ್ಟಿಯಾಗಿದೆಯೋ, ಅದರಲ್ಲಿ ಅನಿಲ ಎಷ್ಟಿದೆ ಅನ್ನುವುದು ಗೊತ್ತಾದರೆ ಬೆಟ್ಟದ ಆಕಾರ ತಾನಾಗಿಯೇ ಅರ್ಥವಾಗುತ್ತದೆ. ಹೆಸರು ಆಮೇಲೆ ಕಲಿತರೂ ನಡೆಯುತ್ತದೆ. ಕೆಳಗಿನ ಹಂತಗಳನ್ನು ಕ್ರಮವಾಗಿ ಮಾಡುತ್ತಾ ಹೋಗಿ. ಹೈಸ್ಕೂಲು ಓದುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು.

ಏನೇನು ಬೇಕು

ದುಬಾರಿಯದು ಏನೂ ಬೇಡ.

- ಬೆಟ್ಟದ ಫೋಟೊ. ದೂರದಿಂದ, ಪಕ್ಕದಿಂದ ತೆಗೆದದ್ದಾಗಿರಲಿ. ಡ್ರೋನ್ ಹಾರಿಸಿ ಮೇಲಿನಿಂದ ತೆಗೆದ ಚಿತ್ರ ನೋಡಲು ಚಂದ, ಅಳೆಯಲು ಪ್ರಯೋಜನವಿಲ್ಲ.
- ಕಂಪಾಸ್ ಬಾಕ್ಸಿನ ಕೋನಮಾಪಕ, ಸ್ಕೇಲು, ಪೆನ್ಸಿಲು.
- ಗೂಗಲ್ ಅರ್ತ್.
- ಕಲ್ಲು ನೋಡಲು ಭೂತಗನ್ನಡಿ. ಇದು ಕೊನೆಯ ಹಂತಕ್ಕೆ ಬೇಕು.
- ಉತ್ತರ ತಾಳೆ ನೋಡಲು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ‘ಗ್ಲೋಬಲ್ ವಾಲ್ಕನಿಸಂ ಪ್ರೋಗ್ರಾಂ’ ಜಾಲತಾಣ. ಪ್ರತಿ ಜ್ವಾಲಾಮುಖಿಯ ಬಗೆ, ಕಲ್ಲಿನ ಜಾತಿ, ಕೊನೆಯ ಸಲ ಯಾವಾಗ ಸಿಡಿದದ್ದು ಎಲ್ಲ ಅಲ್ಲಿದೆ. ಮೊದಲೇ ತೆರೆದು ನೋಡಬೇಡಿ.

ಮುಂದೆ ಪದೇ ಪದೇ ಬರುವ ಪದಗಳನ್ನು ಈಗಲೇ ಹೇಳಿಬಿಡುತ್ತೇನೆ. ನೆಲದೊಳಗೆ ಕರಗಿದ ಸ್ಥಿತಿಯಲ್ಲಿರುವ ಕಲ್ಲಿಗೆ ಮ್ಯಾಗ್ಮಾ ಅಂತಾರೆ, ಪಠ್ಯಪುಸ್ತಕದಲ್ಲಿ ಶಿಲಾಪಾಕ. ಅದೇ ಹೊರಗೆ ಬಂದರೆ ಲಾವಾ. ಸಿಲಿಕಾ ಅಂದರೆ ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ ಇರುವ ವಸ್ತು. ಅದು ಎಲ್ಲ ಲಾವಾದಲ್ಲೂ ಇರುತ್ತದೆ, ಪ್ರಮಾಣ ಮಾತ್ರ ಬೇರೆ. ಇನ್ನು ಜ್ವಾಲಾಮುಖಿಯ ‘ಬೂದಿ’ ನಮ್ಮ ಒಲೆಯ ಬೂದಿಯಲ್ಲ. ಅಲ್ಲಿ ಏನೂ ಉರಿದಿರುವುದಿಲ್ಲ. ಅದು ಪುಡಿಪುಡಿಯಾದ ಕಲ್ಲು ಮತ್ತು ಗಾಜು. ವಿಮಾನದ ಎಂಜಿನ್ನಿಗೆ ಅದು ಅಷ್ಟು ಅಪಾಯ ಆಗುವುದೂ ಅದಕ್ಕೇ: ಒಳಗೆ ಹೋದ ಗಾಜಿನ ಪುಡಿ ಕರಗಿ ಅಂಟಿಕೊಳ್ಳುತ್ತದೆ.

ಹಂತ 1: ಯಾವ ಪಟ್ಟಿ ಕೇಳಿದ್ದಾರೆ ನೋಡಿಕೊಳ್ಳಿ

ಜ್ವಾಲಾಮುಖಿಗಳನ್ನು ಎರಡು ರೀತಿ ವಿಂಗಡಿಸುತ್ತಾರೆ. ಒಂದು, ಚಟುವಟಿಕೆಯ ಮೇಲೆ: ಜಾಗೃತ, ಸುಪ್ತ, ಲುಪ್ತ. ಅಂದರೆ ಈಗಲೂ ಸಿಡಿಯುವುದು, ಸದ್ಯಕ್ಕೆ ಸುಮ್ಮನಿರುವುದು, ಪೂರ್ತಿ ಆರಿಹೋದದ್ದು. ಇನ್ನೊಂದು, ಆಕಾರ ಮತ್ತು ರಚನೆಯ ಮೇಲೆ: ಗುರಾಣಿ, ಸಿಂಡರ್ ಶಂಕು, ಸಂಯುಕ್ತ, ಲಾವಾ ಗುಮ್ಮಟ ಇತ್ಯಾದಿ.

ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಆಕಾರದ ಪ್ರಶ್ನೆಗೆ ಚಟುವಟಿಕೆಯ ಪಟ್ಟಿ ಬರೆದು ಬರುತ್ತಾರೆ. ಜಪಾನಿನ ಫ್ಯೂಜಿ ಎರಡೂ ಪಟ್ಟಿಯಲ್ಲಿ ಬರುತ್ತದೆ. ಆಕಾರದಲ್ಲಿ ಅದು ಸಂಯುಕ್ತ. ಚಟುವಟಿಕೆಯಲ್ಲಿ, ಕೊನೆಗೆ ಸಿಡಿದದ್ದು 1707ರಲ್ಲಾದರೂ ವಿಜ್ಞಾನಿಗಳು ಅದನ್ನು ಜಾಗೃತ ಅಂತಲೇ ಎಣಿಸುತ್ತಾರೆ.

‘ಸುಪ್ತ’ ಅನ್ನುವ ಪದದ ಮೇಲೆ ಜಾಸ್ತಿ ಭರವಸೆ ಬೇಡ. ಫಿಲಿಪ್ಪೀನ್ಸಿನ ಪಿನಟುಬೊ ಸುಮಾರು 500 ವರ್ಷ ಸದ್ದಿಲ್ಲದೆ ಮಲಗಿತ್ತು. ಮೈಮೇಲೆಲ್ಲ ಕಾಡು ಬೆಳೆದಿತ್ತು. 1991ರ ಜೂನ್ 15ರಂದು ಅದು ಸಿಡಿದ ರಭಸಕ್ಕೆ ಗಂಧಕದ ಅನಿಲ ವಾಯುಮಂಡಲದ ಮೇಲಿನ ಪದರಕ್ಕೆ ಏರಿ, ಮುಂದಿನ ವರ್ಷ ಇಡೀ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು.

ಹಂತ 2: ಲಾವಾ ನೀರೋ, ಗಟ್ಟಿಯೋ?

ಇಡೀ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ.

ಲಾವಾದಲ್ಲಿ ಸಿಲಿಕಾ ಕಡಿಮೆ ಇದ್ದರೆ, ಅಂದರೆ ನೂರಕ್ಕೆ 50ರ ಆಸುಪಾಸು ಇದ್ದರೆ, ಅದು ತೆಳ್ಳಗಿರುತ್ತದೆ. ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬಂದು ದೂರ ಹರಿಯುತ್ತದೆ. ಅದು ಆರಿದರೆ ಸಿಗುವ ಕಪ್ಪು ಕಲ್ಲು ಬಸಾಲ್ಟ್. ಸಿಲಿಕಾ 70 ದಾಟಿದರೆ ಲಾವಾ ತುಂಬಾ ಗಟ್ಟಿ. ಬಿಸಿಯೂ ಕಡಿಮೆ, 700ರಿಂದ 900 ಡಿಗ್ರಿ. ಅದು ಆರಿದರೆ ರಯೋಲೈಟ್, ಸಾಮಾನ್ಯವಾಗಿ ತಿಳಿ ಬಣ್ಣದ ಕಲ್ಲು. ನಡುವೆ ಬರುವುದು ಆಂಡಿಸೈಟ್.

ನಮ್ಮ ಕಡೆಯವರಿಗೆ ಇದನ್ನು ರಾಗಿಯಲ್ಲಿ ಹೇಳಿದರೆ ಸಾಕು. ಅಂಬಲಿಯನ್ನು ತಟ್ಟೆಗೆ ಸುರಿದರೆ ಅಂಚಿನವರೆಗೂ ಹರಡುತ್ತದೆ, ಮುದ್ದೆ ಇಟ್ಟಲ್ಲೇ ಕೂರುತ್ತದೆ. ಒಲೆಯ ಮೇಲಿದ್ದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಬಲಿಯಲ್ಲಿ ಗುಳ್ಳೆ ಸಲೀಸಾಗಿ ಮೇಲೆ ಬಂದು ಒಡೆಯುತ್ತದೆ. ಮುದ್ದೆಗೆ ಹಿಟ್ಟು ಹಾಕಿದ ಮೇಲೆ ಅದೇ ಗುಳ್ಳೆ ಹೊರಗೆ ಬರಲು ದಾರಿ ಸಿಗದೆ, ಫಟ್ ಅಂತ ಸಿಡಿದು ಕೈ ಸುಡುತ್ತದೆ.

ಮ್ಯಾಗ್ಮಾದೊಳಗೂ ಅನಿಲ ಕರಗಿರುತ್ತದೆ. ಹೆಚ್ಚಿನದು ನೀರಿನ ಆವಿ, ಜೊತೆಗೆ ಕಾರ್ಬನ್ ಡೈಆಕ್ಸೈಡ್, ಗಂಧಕದ ಅನಿಲಗಳು. ಮ್ಯಾಗ್ಮಾ ಮೇಲೇರಿದಂತೆ ಮೇಲಿನ ಒತ್ತಡ ಕಡಿಮೆಯಾಗಿ ಅನಿಲ ಗುಳ್ಳೆಯಾಗುತ್ತದೆ. ತೆಳ್ಳಗಿದ್ದರೆ ಗುಳ್ಳೆ ತಪ್ಪಿಸಿಕೊಳ್ಳುತ್ತದೆ, ಲಾವಾ ಹರಿಯುತ್ತದೆ. ಗಟ್ಟಿಯಿದ್ದರೆ ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ, ಕೊನೆಗೆ ಎಲ್ಲವನ್ನೂ ಚೂರು ಮಾಡಿಕೊಂಡು ಹೊರಗೆ ನುಗ್ಗುತ್ತದೆ. ಅನಿಲವೆಲ್ಲ ಮೊದಲೇ ಸೋರಿಹೋಗಿದ್ದರೆ ಗಟ್ಟಿ ಲಾವಾ ಕೂಡ ಸಿಡಿಯದೆ ನಿಧಾನಕ್ಕೆ ಉಬ್ಬಿಕೊಂಡು ಬರಬಹುದು. ಲಾವಾ ಗುಮ್ಮಟ ಹುಟ್ಟುವುದು ಹಾಗೆ.

ಎಚ್ಚರಿಕೆ: ಇದು ಸಾಮಾನ್ಯ ನಿಯಮವೇ ಹೊರತು ಗ್ಯಾರಂಟಿ ಅಲ್ಲ. ತೆಳು ಲಾವಾಕ್ಕೂ ನೀರು ಸಿಕ್ಕಿದರೆ ಸ್ಫೋಟ ಆಗುತ್ತದೆ. ಸಾಮಾನ್ಯವಾಗಿ ಲಾವಾ ಹರಿಸಿಕೊಂಡೇ ಇರುವ ಹವಾಯಿಯ ಕಿಲಾವೆಯಾ 1924ರಲ್ಲಿ ದೊಡ್ಡ ದೊಡ್ಡ ಬಂಡೆಗಳನ್ನು ಎಸೆದಿತ್ತು. ಮೇಲೆ ಹೇಳಿದ ಹೈಲಿ ಗುಬ್ಬಿ ಕೂಡ ಪಟ್ಟಿಯಲ್ಲಿ ಗುರಾಣಿ ಜ್ವಾಲಾಮುಖಿಯೇ. ‘ಗುರಾಣಿ ಅಂದರೆ ಶಾಂತ’ ಅಂತ ಕಣ್ಣುಮುಚ್ಚಿ ಬರೆಯುವವರು ದೆಹಲಿಗೆ ಬಂದ ಆ ಬೂದಿಯನ್ನು ನೆನಪಿಟ್ಟುಕೊಳ್ಳಿ.

ಹಂತ 3: ಇಳಿಜಾರು ಅಳೆಯಿರಿ

ಫೋಟೊ ಪ್ರಿಂಟ್ ಹಾಕಿಸಿ, ಇಲ್ಲವೇ ಫೋನಿನ ಪರದೆಯ ಮೇಲೆ ತೆಳು ಕಾಗದ ಇಟ್ಟು ಬೆಟ್ಟದ ಅಂಚನ್ನು ಗೀಚಿಕೊಳ್ಳಿ. ಬುಡದಲ್ಲಿ ಸ್ಕೇಲು ಇಟ್ಟು ಅಡ್ಡಗೆರೆ ಎಳೆಯಿರಿ. ಪಕ್ಕದ ಇಳಿಜಾರಿನ ಗುಂಟ ಇನ್ನೊಂದು ಗೆರೆ. ಎರಡರ ನಡುವಿನ ಕೋನ ಓದಿ. ಬುಡದ ಹತ್ತಿರ ಒಂದು ಸಲ, ತುದಿಯ ಹತ್ತಿರ ಒಂದು ಸಲ, ಎರಡು ಕಡೆ ಅಳೆಯಬೇಕು. ಒಂದೇ ಕಡೆ ಅಳೆದರೆ ಸಂಯುಕ್ತ ಜ್ವಾಲಾಮುಖಿಯನ್ನು ಹಿಡಿಯಲು ಆಗುವುದಿಲ್ಲ.

ಮೊದಲು ಮನೆ ಹತ್ತಿರ ಅಭ್ಯಾಸ ಮಾಡಿ. ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಲಾರಿಯಿಂದ ಸುರಿದ ಜಲ್ಲಿ ರಾಶಿ ಇರುತ್ತದಲ್ಲ, ಅದರ ಪಕ್ಕದಿಂದ ಫೋಟೊ ತೆಗೆದು ಅಳೆಯಿರಿ. 35 ಡಿಗ್ರಿಯ ಆಸುಪಾಸು ಬರುತ್ತದೆ. ಸಣ್ಣ ರಾಶಿಯಾದರೂ ದೊಡ್ಡ ರಾಶಿಯಾದರೂ ಕೋನ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಸುರಿದರೆ ರಾಶಿ ಎತ್ತರವಾಗುತ್ತದೆ, ಆದರೆ ಕಡಿದಾಗುವುದಿಲ್ಲ; ಜಲ್ಲಿ ಜಾರಿ ಬುಡ ಅಗಲವಾಗುತ್ತದೆ. ಬಿಡಿ ಕಲ್ಲು ಯಾವುದಾದರೂ ತಾನಾಗಿ ನಿಲ್ಲುವ ಮಿತಿ ಇದು. ಒದ್ದೆ ಎಂ-ಸ್ಯಾಂಡ್ ಮೇಲೆ ಅಳೆಯಬೇಡಿ, ನೀರಿನ ಅಂಟಿಗೆ ಅದು ಇನ್ನೂ ಕಡಿದಾಗಿ ನಿಂತು ಲೆಕ್ಕ ತಪ್ಪಿಸುತ್ತದೆ.

ತಪ್ಪುವ ಜಾಗಗಳು ಇನ್ನೂ ಇವೆ. ಪುಸ್ತಕದ ಚಿತ್ರದಲ್ಲಿ ಅಳೆಯಬೇಡಿ. ಜಾಗ ಉಳಿಸಲು ಎಲ್ಲ ಬೆಟ್ಟವನ್ನೂ ಎತ್ತರಕ್ಕೆ ಎಳೆದು ಬರೆದಿರುತ್ತಾರೆ, ಹಾಗಾಗಿ ಗುರಾಣಿಯೂ ಶಂಕುವಿನಂತೆ ಕಾಣುತ್ತದೆ. ಕಂಪ್ಯೂಟರಿನ ಗೂಗಲ್ ಅರ್ತ್‌ನಲ್ಲಿ ಎತ್ತರವನ್ನು ಹಿಗ್ಗಿಸಿ ತೋರಿಸುವ ಒಂದು ಸೆಟ್ಟಿಂಗ್ ಇದೆ, ಅದನ್ನು 1ಕ್ಕೆ ಇಟ್ಟುಕೊಳ್ಳಿ. ಫೋನ್ ಓರೆಯಾಗಿ ಹಿಡಿದು ತೆಗೆದ ಫೋಟೊ ಬೇಡ. ತೀರಾ ಬುಡದಲ್ಲಿ ನಿಂತು ತಲೆಯೆತ್ತಿ ತೆಗೆದದ್ದೂ ಬೇಡ.

ಹಂತ 4: ಕೋನ ಏನು ಹೇಳುತ್ತಿದೆ?

10 ಡಿಗ್ರಿಗಿಂತ ಕಡಿಮೆ, ಬೆಟ್ಟ ತುಂಬಾ ಅಗಲ: ಗುರಾಣಿ ಜ್ವಾಲಾಮುಖಿ. ತೆಳು ಬಸಾಲ್ಟ್ ಲಾವಾ ಪದರದ ಮೇಲೆ ಪದರವಾಗಿ ದೂರದವರೆಗೆ ಹರಡಿ ಆದದ್ದು. ಹವಾಯಿಯ ಮೌನಾ ಲೋವಾ ಇದಕ್ಕೆ ಒಳ್ಳೆಯ ಉದಾಹರಣೆ. ಸಮುದ್ರ ಮಟ್ಟದಿಂದ 4,169 ಮೀಟರ್ ಎತ್ತರ, ಆದರೆ ದೂರದಿಂದ ನೋಡಿದರೆ ಒಂದು ಉದ್ದನೆಯ ದಿಣ್ಣೆ ಅಷ್ಟೇ. ಜಗತ್ತಿನ ಅತಿ ದೊಡ್ಡ ಜಾಗೃತ ಜ್ವಾಲಾಮುಖಿ ಇದಾ ಅಂತ ಅನುಮಾನ ಬರುತ್ತದೆ. 38 ವರ್ಷ ಸುಮ್ಮನಿದ್ದು 2022ರ ನವೆಂಬರಿನಲ್ಲಿ ಮತ್ತೆ ಲಾವಾ ಕಾರಿತು. ಇಂಥ ಕಡೆ ಜನ ಸಾಯುವುದು ಕಡಿಮೆ, ಆಸ್ತಿ ಹೋಗುವುದು ಜಾಸ್ತಿ. 2018ರಲ್ಲಿ ಪಕ್ಕದ ಕಿಲಾವೆಯಾದ ಲಾವಾ ಸುಮಾರು 700 ಮನೆಗಳನ್ನು ನುಂಗಿತು.

ಬುಡದಿಂದ ತುದಿಯವರೆಗೂ 30–35 ಡಿಗ್ರಿ, ಸಣ್ಣ ಬೆಟ್ಟ, ತುದಿಯಲ್ಲಿ ಬೋಗುಣಿ: ಸಿಂಡರ್ ಶಂಕು. ನಿಮ್ಮ ಜಲ್ಲಿ ರಾಶಿಯ ಕೋನವೇ ಬಂತು, ಅಲ್ವಾ? ಕಾರಣವೂ ಅದೇ. ಬಾಯಿಯಿಂದ ಮೇಲಕ್ಕೆ ಚಿಮ್ಮಿದ ಲಾವಾ ಗಾಳಿಯಲ್ಲೇ ಆರಿ, ತೂತುತೂತಾದ ಕಲ್ಲುಚೂರಾಗಿ ಸುತ್ತಲೂ ಬಿದ್ದು ರಾಶಿಯಾಗುತ್ತದೆ. ಆ ಚೂರುಗಳೇ ಸಿಂಡರ್.

ಇಂಥದ್ದೊಂದು ಹುಟ್ಟಿ ಬೆಳೆದದ್ದನ್ನು ಜನ ಕಣ್ಣಾರೆ ನೋಡಿದ್ದಾರೆ. 1943ರ ಫೆಬ್ರವರಿ 20ರಂದು ಮೆಕ್ಸಿಕೊದ ಮಿಚೊಕಾನ್ ಪ್ರಾಂತ್ಯದಲ್ಲಿ ಡಿಯೊನಿಸಿಯೊ ಪುಲಿಡೊ ಎಂಬ ರೈತ ತನ್ನ ಜೋಳದ ಹೊಲದಲ್ಲಿ ಕೆಲಸ ಮಾಡುತ್ತಿದ್ದ. ಆ ಜೋಳ ಅಂದರೆ ನಮ್ಮ ಮುಸುಕಿನ ಜೋಳ. ನೆಲದಲ್ಲಿ ಬಿರುಕು ಬಿಟ್ಟು ಹೊಗೆ, ಕಲ್ಲು ಬರಲು ಶುರುವಾಯಿತು. ಒಂದು ದಿನ ಕಳೆಯುವ ಹೊತ್ತಿಗೆ ಹೊಲದಲ್ಲಿ ಸುಮಾರು 50 ಮೀಟರಿನ ಗುಡ್ಡ ಎದ್ದಿತ್ತು. ವರ್ಷದಲ್ಲಿ 336 ಮೀಟರ್. 1952ರಲ್ಲಿ ನಿಂತಾಗ 424 ಮೀಟರ್. ಅದೇ ಪರಿಕುಟಿನ್. ಸುತ್ತಲಿನ ಎರಡು ಊರು ಮುಳುಗಿದವು. ಒಂದು ಊರಿನ ಚರ್ಚಿನ ಗೋಪುರ ಇವತ್ತಿಗೂ ಕಪ್ಪು ಲಾವಾದ ನಡುವೆ ತಲೆಯೆತ್ತಿ ನಿಂತಿದೆ. ಸಿಂಡರ್ ಶಂಕು ಹೆಚ್ಚಾಗಿ ಹೀಗೆ ಒಂದೇ ಸಲಕ್ಕೆ ಮುಗಿಯುತ್ತದೆ.

ಬುಡದಲ್ಲಿ ಸಣ್ಣ ಕೋನ, ಮೇಲೆ ಹೋದಂತೆ ಕಡಿದು, ಬೆಟ್ಟ ದೊಡ್ಡದು: ಸಂಯುಕ್ತ ಜ್ವಾಲಾಮುಖಿ. ಕ್ಯಾಲೆಂಡರಿನಲ್ಲಿ ಬರುವ ಜ್ವಾಲಾಮುಖಿಗಳೆಲ್ಲ ಹೆಚ್ಚಾಗಿ ಇವೇ. ಒಂದು ಸಲ ಲಾವಾ, ಇನ್ನೊಂದು ಸಲ ಬೂದಿ ಮತ್ತು ಕಲ್ಲುಚೂರು, ಹೀಗೆ ಸಾವಿರಾರು ವರ್ಷ ಪದರ ಪದರವಾಗಿ ಏರಿದ ಬೆಟ್ಟ. ಫ್ಯೂಜಿ, ಇಟಲಿಯ ವೆಸುವಿಯಸ್, ಇಂಡೋನೇಷ್ಯಾದ ಮೆರಾಪಿ, ತಾಂಬೋರಾ ಎಲ್ಲ ಈ ಗುಂಪಿನವು. ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು, ಅಂದರೆ ಫಲಕ, ಇನ್ನೊಂದರ ಕೆಳಗೆ ನುಗ್ಗುವ ಕಡೆ ಇವು ಸಾಲಾಗಿ ಏಳುತ್ತವೆ. ಕೆಳಗೆ ಹೋದ ಫಲಕದ ಜೊತೆ ಸಮುದ್ರದ ನೀರೂ ಇಳಿದಿರುತ್ತದೆ, ಹಾಗಾಗಿ ಮ್ಯಾಗ್ಮಾದಲ್ಲಿ ಅನಿಲ ಜಾಸ್ತಿ.

ಹೆಚ್ಚು ಜನರನ್ನು ಕೊಂದಿರುವುದೂ ಈ ಬಗೆಯೇ. ಆದರೆ ಕೊಲ್ಲುವುದು ಲಾವಾ ಅಲ್ಲ. ಇಲ್ಲಿ ಎರಡು ಪದ ಕಲಿಯಬೇಕು. ಬಿಸಿ ಅನಿಲ, ಬೂದಿ, ಕಲ್ಲು ಒಟ್ಟಾಗಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿಜಾರಿನಲ್ಲಿ ನುಗ್ಗಿ ಬರುವುದಕ್ಕೆ ಪೈರೊಕ್ಲಾಸ್ಟಿಕ್ ಪ್ರವಾಹ ಅಂತಾರೆ. 1902ರ ಮೇ 8ರಂದು ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಬೆಟ್ಟದಿಂದ ಇಳಿದ ಪ್ರವಾಹ ಸೇಂಟ್ ಪಿಯರ್ ಪಟ್ಟಣದ ಸುಮಾರು 28,000 ಜನರನ್ನು ಕೆಲವೇ ನಿಮಿಷದಲ್ಲಿ ಮುಗಿಸಿತು. ಇನ್ನೊಂದು ಲಹಾರ್, ಅಂದರೆ ಬೂದಿ ಮತ್ತು ನೀರು ಬೆರೆತ ಕೆಸರಿನ ಹೊಳೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಜ್‌ನಲ್ಲಿ ನಡೆದದ್ದು ದೊಡ್ಡ ಸ್ಫೋಟವೇನಲ್ಲ. ತುದಿಯ ಹಿಮ ಕರಗಿತು. ಕೆಸರು ಹೊಳೆಗುಂಟ ಹತ್ತಾರು ಕಿಲೋಮೀಟರ್ ಹರಿದು ಅರ್ಮೆರೊ ಪಟ್ಟಣಕ್ಕೆ ನುಗ್ಗಿ ಸುಮಾರು 23,000 ಜನ ಸತ್ತರು. ‘ಲಾವಾದಿಂದ ಓಡಿ ತಪ್ಪಿಸಿಕೊಳ್ಳುವುದು ಹೇಗೆ’ ಅಂತ ಕೇಳುವವರಿಗೆ ನನ್ನ ಉತ್ತರ ಇದೇ: ಲಾವಾದಿಂದ ಸಾಮಾನ್ಯವಾಗಿ ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು, ಈ ಎರಡರಿಂದ ಓಡಿಯೂ ಆಗುವುದಿಲ್ಲ. ಮೊದಲೇ ಊರು ಬಿಡಬೇಕು.

ದಪ್ಪ ದಪ್ಪ ಬಂಡೆಗಳ ಒರಟು ಗುಪ್ಪೆ, ಪಕ್ಕ ಕಡಿದು, ತುದಿಯಲ್ಲಿ ಬೋಗುಣಿ ಇಲ್ಲ: ಲಾವಾ ಗುಮ್ಮಟ. ಅತಿ ಗಟ್ಟಿ ಲಾವಾ ಹರಿಯಲಾರದೆ ಬಾಯಿಯ ಮೇಲೇ ಗುಡ್ಡೆಯಾದದ್ದು. ಹೆಚ್ಚಾಗಿ ಸಂಯುಕ್ತ ಜ್ವಾಲಾಮುಖಿಯ ಬೋಗುಣಿಯೊಳಗೇ ಇರುತ್ತದೆ. ಸುಮ್ನೆ ಕೂತಂತೆ ಕಾಣುತ್ತದೆ, ಆದರೆ ಅಂಚು ಕುಸಿದರೆ ಒಳಗಿನ ಬಿಸಿ ಭಾಗ ಪೈರೊಕ್ಲಾಸ್ಟಿಕ್ ಪ್ರವಾಹವಾಗಿ ಇಳಿಯುತ್ತದೆ. ಜಪಾನಿನ ಉನ್ಜೆನ್‌ನಲ್ಲಿ 1991ರ ಜೂನ್ 3ರಂದು ಹೀಗೇ ಆಗಿ 43 ಜನ ಹೋದರು. ಜ್ವಾಲಾಮುಖಿಗಳನ್ನು ಹತ್ತಿರದಿಂದ ಚಿತ್ರೀಕರಿಸುವುದರಲ್ಲಿ ಹೆಸರಾಗಿದ್ದ ಫ್ರಾನ್ಸಿನ ಕಾಟಿಯಾ ಮತ್ತು ಮೊರೀಸ್ ಕ್ರಾಫ್ಟ್ ದಂಪತಿ ಅವರಲ್ಲಿದ್ದರು.

ಇಲ್ಲಿ ಒಂದು ಮಾತು, ವಿಜ್ಞಾನ ಮೇಳಕ್ಕೆ ಮಾದರಿ ಮಾಡುವವರಿಗೆ. ಪ್ರತಿ ಮೇಳದಲ್ಲೂ ಒಂದೇ ಮಾದರಿ ಕಾಣುತ್ತದೆ. ಜೇಡಿಮಣ್ಣಿನ ಕಡಿದಾದ ಶಂಕು, ಮೇಲಿನಿಂದ ಅಡುಗೆ ಸೋಡಾ ಮತ್ತು ವಿನೆಗರಿನ ಕೆಂಪು ನೊರೆ ನೀರಿನಂತೆ ಹರಿದು ಬರುತ್ತದೆ. ಆಕಾರ ಸಂಯುಕ್ತದ್ದು, ಲಾವಾ ಗುರಾಣಿಯದ್ದು. ಪ್ರಶ್ನೆ ಕೇಳುವ ಮೇಷ್ಟ್ರು ಚುರುಕಾಗಿದ್ದರೆ ಅಲ್ಲೇ ಹಿಡಿಯುತ್ತಾರೆ. ನೊರೆ ಹರಿಸಲೇಬೇಕು ಅಂದರೆ ದೊಡ್ಡ ತಟ್ಟೆಯ ಮೇಲೆ ಅಗಲವಾದ ತಗ್ಗು ದಿಣ್ಣೆ ಮಾಡಿ, ‘ಗುರಾಣಿ’ ಅಂತ ಚೀಟಿ ಅಂಟಿಸಿ. ಸಂಯುಕ್ತವೇ ಬೇಕು ಅಂದರೆ ಶಂಕುವನ್ನು ಅರ್ಧಕ್ಕೆ ಸೀಳಿ, ಒಳಗಿನ ಲಾವಾ ಪದರ ಮತ್ತು ಬೂದಿ ಪದರವನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ನೊರೆ ಬೇಡವೇ ಬೇಡ.

ಹಂತ 5: ಬೆಟ್ಟವೇ ಇಲ್ಲದಿದ್ದರೆ?

ಕೆಲವು ಜ್ವಾಲಾಮುಖಿಗಳಲ್ಲಿ ಅಳೆಯಲು ಇಳಿಜಾರೇ ಇರುವುದಿಲ್ಲ. ಅಂಥ ಕಡೆ ಗುಂಡಿ ಇದೆಯೋ, ಬಿರುಕು ಇದೆಯೋ ನೋಡಿ.

ಗುಂಡಿ ಕಿಲೋಮೀಟರುಗಟ್ಟಲೆ ಅಗಲವಿದ್ದರೆ ಅದು ಕ್ಯಾಲ್ಡೆರಾ. ಕೆಳಗಿನ ಮ್ಯಾಗ್ಮಾ ಭಾರಿ ಪ್ರಮಾಣದಲ್ಲಿ ಹೊರಗೆ ಹೋಗಿ, ಆಸರೆ ತಪ್ಪಿದ ನೆಲ ಕುಸಿದು ಆದ ಹಳ್ಳ. ತುದಿಯ ಸಣ್ಣ ಬೋಗುಣಿಯನ್ನು ಕ್ಯಾಲ್ಡೆರಾ ಅನ್ನಬೇಡಿ. ಸುಮಾತ್ರಾದ ತೋಬಾ ಸರೋವರ ಇಂಥದ್ದು, ಸುಮಾರು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ. ಸುಮಾರು 74,000 ವರ್ಷದ ಹಿಂದೆ ಅದು ಸಿಡಿದಾಗ ಬೂದಿ ನಮ್ಮ ಕಡೆಗೂ ಬಂತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಆ ಬೂದಿಯ ಪದರ ಈಗಲೂ ಮಣ್ಣಿನೊಳಗೆ ಸಿಗುತ್ತದೆ. ಅದರ ಕೆಳಗೂ ಮೇಲೂ ಹಳೆಯ ಶಿಲಾಯುಗದ ಕಲ್ಲಿನ ಉಪಕರಣಗಳು ಸಿಕ್ಕಿವೆ.

ಉದ್ದನೆಯ ಬಿರುಕಿನ ಗುಂಟ ಲಾವಾ ಬಂದಿದ್ದರೆ ಅದು ಬಿರುಕು ಜ್ವಾಲಾಮುಖಿ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯಲ್ಲಿ 27 ಕಿಲೋಮೀಟರ್ ಉದ್ದದ ಬಿರುಕಿನಿಂದ ಎಂಟು ತಿಂಗಳು ಲಾವಾ ಮತ್ತು ವಿಷಾನಿಲ ಬಂತು. ಹುಲ್ಲು ವಿಷವಾಯಿತು, ದನ ಕುರಿ ಸತ್ತವು, ಬರದಲ್ಲಿ ಆ ದೇಶದ ಜನಸಂಖ್ಯೆಯ ಐದರಲ್ಲಿ ಒಂದು ಪಾಲು ಹೋಯಿತು.

ಇದೇ ಬಗೆಯದು, ಆದರೆ ಊಹೆಗೂ ಮೀರಿದ ಗಾತ್ರದಲ್ಲಿ, ನಮ್ಮ ರಾಜ್ಯದ ಉತ್ತರಕ್ಕೂ ಬಂದಿದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖನ್ ಲಾವಾ ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ಅದೇ, ಆ ಕಲ್ಲು ಮಳೆ ಬಿಸಿಲಿಗೆ ಸವೆದು ಪುಡಿಯಾಗಿ ಆದದ್ದೇ ಅಲ್ಲಿನ ಎರೆ ಮಣ್ಣು. ಗೋಳಗುಮ್ಮಟ ಕಟ್ಟಿರುವುದೂ ಆ ಕಲ್ಲಿನಲ್ಲೇ.

ಹಂತ 6: ಎರಡು ಹೆಸರು ಹೊಂದಿದರೆ ಗಾಬರಿ ಬೇಡ

ಪ್ರಕೃತಿಗೆ ನಮ್ಮ ಪಟ್ಟಿ ಗೊತ್ತಿಲ್ಲ. ಅಂಡಮಾನಿನ ಬ್ಯಾರನ್ ದ್ವೀಪವನ್ನೇ ತೆಗೆದುಕೊಳ್ಳಿ. ಭಾರತದ ಒಂದೇ ಒಂದು ಜಾಗೃತ ಜ್ವಾಲಾಮುಖಿ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿಲೋಮೀಟರ್ ದೂರ, ಜನವಸತಿ ಇಲ್ಲ. 1787ರಲ್ಲಿ ಸಿಡಿದದ್ದು ದಾಖಲಾಗಿದೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು, ಆಮೇಲೆ ಆಗಾಗ ಬೂದಿ, ಲಾವಾ ಬರುತ್ತಲೇ ಇದೆ. ಪಟ್ಟಿಯಲ್ಲಿ ಅದು ಸಂಯುಕ್ತ. ಆದರೆ ಅದರ ನಡುವೆ ಸುಮಾರು 2 ಕಿಲೋಮೀಟರ್ ಅಗಲದ ಕ್ಯಾಲ್ಡೆರಾ ಇದೆ, ಅದರೊಳಗೆ ಒಂದು ಸಿಂಡರ್ ಶಂಕು. ಫೋಟೊದಲ್ಲಿ ಕಾಣುವುದು ಮೇಲಿನ ತುಂಡು ಮಾತ್ರ. ಬೆಟ್ಟದ ಹೆಚ್ಚಿನ ಭಾಗ ಸಮುದ್ರದಡಿ ಇದೆ. ಮೂರರಲ್ಲಿ ಯಾವುದು ಬರೆದರೂ ಅರ್ಧ ಸರಿ. ‘ಸಂಯುಕ್ತ ಜ್ವಾಲಾಮುಖಿ, ಕ್ಯಾಲ್ಡೆರಾದೊಳಗೆ ಸಿಂಡರ್ ಶಂಕು’ ಅಂತ ಪೂರ್ತಿ ಬರೆಯಿರಿ.

ಜ್ವಾಲಾಮುಖಿಯೇ ಅಲ್ಲದ್ದನ್ನೂ ಇಲ್ಲೇ ಹೊರಗಿಡಿ. ಮಹಾರಾಷ್ಟ್ರದ ಲೋಣಾರ್ ಸರೋವರ ಉಲ್ಕೆ ಬಿದ್ದು ಆದ ಗುಂಡಿ. ಅದು ಬಸಾಲ್ಟ್ ಕಲ್ಲಿನಲ್ಲೇ ಇರುವುದರಿಂದ ಜನ ಮೋಸ ಹೋಗುತ್ತಾರೆ. ಅಂಡಮಾನಿನ ಬಾರಾಟಾಂಗ್‌ನಲ್ಲಿರುವುದು ‘ಮಣ್ಣಿನ ಜ್ವಾಲಾಮುಖಿ’. ನೆಲದಡಿಯ ಅನಿಲ ತಣ್ಣನೆಯ ಕೆಸರನ್ನು ಮೇಲೆ ತಳ್ಳುತ್ತದೆ ಅಷ್ಟೆ, ಅಲ್ಲಿ ಮ್ಯಾಗ್ಮಾ ಇಲ್ಲ.

ಹಂತ 7: ಈಗ ನಮ್ಮ ಬೆಟ್ಟಗಳಿಗೆ ಬನ್ನಿ

ನಂದಿ ಬೆಟ್ಟ ಜ್ವಾಲಾಮುಖಿಯಲ್ಲ. ಅಂತರಗಂಗೆಯೂ ಅಲ್ಲ. ಮಧುಗಿರಿ, ಪಾವಗಡದ ಬಂಡೆಗಳೂ ಅಲ್ಲ. ನಾನು ಹೇಳಿದೆ ಅಂತ ನಂಬಬೇಡಿ, ಕಲ್ಲು ನೋಡಿ.

ಹತ್ತಿರದ ದ್ರಾಕ್ಷಿ ತೋಟದ ಕಲ್ಲುಕಂಬ ಸಾಕು. ಹೊಸದಾಗಿ ಒಡೆದ ಮುಖದ ಮೇಲೆ ಭೂತಗನ್ನಡಿ ಹಿಡಿಯಿರಿ. ಮೂರು ಬಗೆಯ ಕಾಳು ಬೇರೆ ಬೇರೆಯಾಗಿ ಕಾಣಬೇಕು. ಗಾಜಿನಂತೆ ಹೊಳೆಯುವ ಬೂದುಬಣ್ಣದ್ದು ಬೆಣಚು. ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದ, ಚಪ್ಪಟೆ ಮುಖವಿರುವುದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಣುಕುವ ತೆಳು ಹಾಳೆ ಕಾಗೆಬಂಗಾರ. ಕಲ್ಲನ್ನು ಸ್ವಲ್ಪ ತಿರುಗಿಸಿದರೆ ಫೆಲ್ಡ್‌ಸ್ಪಾರ್ ಮುಖಗಳು ಒಂದೊಂದಾಗಿ ಬೆಳಕಿಗೆ ಮಿಂಚುತ್ತವೆ. ಕಾಳು ಇಷ್ಟು ದೊಡ್ಡದಾಗಬೇಕಾದರೆ ಕಲ್ಲು ತೀರಾ ನಿಧಾನವಾಗಿ ಆರಿರಬೇಕು, ಅಂದರೆ ನೆಲದ ಆಳದಲ್ಲೇ. ಇದು ಗ್ರಾನೈಟ್ ಜಾತಿ. ಮ್ಯಾಗ್ಮಾ ಮೇಲೆ ಬರದೆ ಒಳಗೇ ಹೆಪ್ಪಾಗಿದ್ದು, ಮೇಲಿನ ನೆಲವೆಲ್ಲ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಈಗ ಬೆಟ್ಟವಾಗಿ ಕಾಣುತ್ತಿದೆ. ಮಧುಗಿರಿ, ಪಾವಗಡದ ಮೂಲಕ ರಾಮನಗರದವರೆಗೆ ಹೋಗುವ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಂತರಗಂಗೆಯ ಗುಂಡು ಬಂಡೆಗಳೂ ಎಲ್ಲಿಂದಲೋ ಚಿಮ್ಮಿ ಬಿದ್ದವಲ್ಲ. ಬಂಡೆಯ ಸೀಳುಗಳಲ್ಲಿ ನೀರು ಇಳಿದು, ಮೂಲೆಗಳು ಸವೆದು ಗುಂಡಾದವು.

ಹಾಗಂತ ಈ ಸೀಮೆಯಲ್ಲಿ ಲಾವಾ ಹರಿದೇ ಇಲ್ಲ ಅನ್ನಬೇಡಿ. ಕೆಜಿಎಫ್ ಕಡೆ ಉದ್ದಕ್ಕೆ ಹೋಗುವ ಕಪ್ಪು-ಹಸಿರು ಕಲ್ಲಿನ ಕಿರಿದಾದ ಪಟ್ಟಿ ಇದೆ. ಸುಮಾರು 270 ಕೋಟಿ ವರ್ಷದ ಹಿಂದಿನ ಬಸಾಲ್ಟ್ ಲಾವಾ ಅದು, ಆಮೇಲೆ ಒತ್ತಡ ಮತ್ತು ಬಿಸಿಗೆ ಸಿಕ್ಕಿ ಮಾರ್ಪಟ್ಟಿದೆ. ಇದನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಂಬದ ಕಲ್ಲಿನಂತೆ ಬಿಳಿ, ಗುಲಾಬಿ ಕಾಳು ಕಾಣುವುದಿಲ್ಲ, ಎಲ್ಲ ಒಂದೇ ಕಪ್ಪು. ಚಿನ್ನ ಲಾವಾದ ಜೊತೆ ಉಕ್ಕಿ ಬಂದದ್ದಲ್ಲ. ಲಾವಾ ಕಲ್ಲಾದ ಎಷ್ಟೋ ಕಾಲದ ಮೇಲೆ ಬಿಸಿ ದ್ರವ ಬಿರುಕುಗಳಲ್ಲಿ ಹರಿದು, ಬೆಣಚಿನ ಜೊತೆ ಚಿನ್ನವನ್ನೂ ಬಿಟ್ಟುಹೋಯಿತು. 2001ರಲ್ಲಿ ಮುಚ್ಚುವವರೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದದ್ದು ಆ ಬೆಣಚಿನ ಎಳೆಗಳ ಹಿಂದೆಯೇ. ಊರಿನ ಪಕ್ಕದ ಸೈನೈಡ್ ದಿಬ್ಬಗಳು ಗಣಿಯ ತ್ಯಾಜ್ಯ. ಸಿಂಡರ್ ಶಂಕು ಅಂದುಕೊಂಡು ಅಳೆಯಲು ಹತ್ತಬೇಡಿ, ಆ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಲಾವಾದ ಗುರುತು ಕಣ್ಣಾರೆ ನೋಡಬೇಕು ಅನ್ನುವವರು ಕೋಲಾರ ಜಿಲ್ಲೆಯ ಪೆದ್ದಪಲ್ಲಿಗೆ ಹೋಗಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಲ್ಲಿನ ಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಎರಡು ಸಂಗತಿ ಹುಡುಕಿ. ಒಂದು, ಸಿಡಿತದಲ್ಲಿ ಚೂರಾದ ಕಲ್ಲುಗಳು ಒಟ್ಟಾಗಿ ಅಂಟಿಕೊಂಡ ಬಂಡೆ. ಇನ್ನೊಂದು ದಿಂಬು ಲಾವಾ. ಲಾವಾ ನೀರಿನಡಿ ಬಂದಾಗ ಹೊರಮೈ ತಕ್ಷಣ ಆರಿ, ಉರುಟು ಉರುಟಾದ ಮುದ್ದೆಗಳಾಗಿ ಒಂದರ ಮೇಲೊಂದು ಕೂರುತ್ತದೆ. ಅಂದರೆ ಆಗ ಇಲ್ಲಿ ನೀರಿತ್ತು. ‘ಇದು ಗುರಾಣಿಯಾ, ಸಂಯುಕ್ತವಾ?’ ಅಂತ ಮಾತ್ರ ಕೇಳಬೇಡಿ. ಬೆಟ್ಟ ಪೂರ್ತಿ ಸವೆದು ಹೋಗಿದೆ, ಅಳೆಯಲು ಇಳಿಜಾರು ಉಳಿದಿಲ್ಲ. ಲಾವಾ ತೆಳ್ಳಗಿತ್ತು, ನೀರಿನಡಿ ಬಂದಿತ್ತು, ನಡುವೆ ಸಿಡಿತವೂ ಆಗಿತ್ತು ಅನ್ನುವಷ್ಟು ಕಲ್ಲು ಹೇಳುತ್ತದೆ.

ಹೋಗುವಾಗ ಸುತ್ತಿಗೆ ಒಯ್ಯಬೇಡಿ, ಸ್ಮಾರಕದ ಕಲ್ಲು ಒಡೆಯುವಂತಿಲ್ಲ. ಬಂಡೆ ಕಾಯುವ ಮೊದಲು, ಬೆಳಗ್ಗೆ ಅಥವಾ ಸಂಜೆ ಹೋದರೆ ಓರೆ ಬಿಸಿಲಿನಲ್ಲಿ ದಿಂಬುಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಪೆನ್ನೋ ಸ್ಕೇಲೋ ಇಡಿ, ಇಲ್ಲದಿದ್ದರೆ ಆಮೇಲೆ ನೋಡಿದವರಿಗೆ ಗಾತ್ರ ಗೊತ್ತಾಗುವುದಿಲ್ಲ.